ಮೋಡ, ಮುಗಿಲು, ಮೇಘ: ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ

‘ಕುಟುಂಬದವರ ಆಕ್ರಂದನ ಮುಗಿಲು ಮುಟ್ಟಿತ್ತು’ ಎಂದು ಪತ್ರಿಕೆಯವರು ಬರೆಯುತ್ತಾರೆ. ಅದೇ ವಾಕ್ಯದಲ್ಲಿ ಮುಗಿಲನ್ನು ಎತ್ತಿ ಮೋಡವನ್ನು ಇಟ್ಟು ಓದಿ ನೋಡಿ: ‘ಆಕ್ರಂದನ ಮೋಡ ಮುಟ್ಟಿತ್ತು.’ ಅರ್ಥವೇನೋ ಆಗುತ್ತದೆ, ಕಿವಿ ಒಪ್ಪುವುದಿಲ್ಲ. ‘ಮೋಡ ಆಗಿದೆ, ಬಟ್ಟೆ ಒಳಗೆ ಹಾಕಿ’ ಎನ್ನುವಲ್ಲಿ ‘ಮೇಘ ಆಗಿದೆ’ ಎಂದರೆ ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಮೇಘಸ್ಫೋಟ ಎಂಬ ಮಾತಿದೆ, ಮುಗಿಲುಸ್ಫೋಟ ಇಲ್ಲ. ನಿಘಂಟು ತೆರೆದರೆ ಮೂರೂ ಒಂದೇ ಸಾಲಿನಲ್ಲಿ ಸಮಾನಾರ್ಥಕ ಪದಗಳಾಗಿ ನಿಂತಿರುತ್ತವೆ. ಬಾಯಿಮಾತಿನಲ್ಲಿ ಮೂರಕ್ಕೂ ಮೂರು ಬೇರೆ ಕೆಲಸ ಇದೆ. ಮಕ್ಕಳಿಗೆ ಪಾಠ ಹೇಳುವವರಿಗೆ, ಅನುವಾದ ಮಾಡುವವರಿಗೆ, ಸುದ್ದಿ ಬರೆಯುವವರಿಗೆ ಈ ವ್ಯತ್ಯಾಸ ದಿನವೂ ಎದುರಾಗುತ್ತದೆ, ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೋಡದಿಂದ ಶುರು ಮಾಡೋಣ. ಇದು ಹವೆಯ ಮಾತು. ‘ಒಂದು ಮೋಡ, ಎರಡು ಮೋಡ’ ಎಂದು ಎಣಿಸುವುದಕ್ಕಿಂತ ಹೆಚ್ಚಾಗಿ, ಆಕಾಶ ಇರುವ ಸ್ಥಿತಿಯನ್ನು ಹೇಳಲು ನಾವು ಈ ಪದ ಬಳಸುತ್ತೇವೆ. ‘ಇವತ್ತು ಮೋಡ’ ಎಂದರೆ ಸಾಕು, ಕ್ರಿಯಾಪದವೇ ಬೇಡ. ಕ್ರಿಯಾಪದ ಬಂದರೂ ಒಂದೊಂದಕ್ಕೂ ಒಂದೊಂದು ಛಾಯೆ. ಮೋಡ ಆಗಿದೆ ಎಂದರೆ ಬರೀ ಬಿಸಿಲಿಲ್ಲ ಎಂದಷ್ಟೆ. ಮೋಡ ಹಾಕಿದೆ ಎಂದರೆ ಈಗಷ್ಟೇ ಶುರುವಾಗಿದೆ. ಮೋಡ ಕವಿದಿದೆ ಎಂದರೆ ಇಡೀ ಆಕಾಶ ಮುಚ್ಚಿದೆ. ಮೋಡ ಕಟ್ಟಿದೆ ಎಂದಾಗ ಮಾತ್ರ ಮಳೆಯ ನಿರೀಕ್ಷೆ ಒಳಗೆ ಸೇರಿಕೊಳ್ಳುತ್ತದೆ: ಒಂದು ದಿಕ್ಕಿನಲ್ಲಿ ಒತ್ತಾಗಿ, ಕಪ್ಪಾಗಿ, ನೀರು ತುಂಬಿ ನಿಂತಿದೆ ಎಂದು ಅರ್ಥ. ಬೆಳಗಿನಿಂದ ಸಂಜೆವರೆಗೆ ಬೂದಿ ಬಣ್ಣದಲ್ಲಿ ಹಾಸಿಕೊಂಡಿರುವ ಆಷಾಢದ ಆಕಾಶಕ್ಕೆ ‘ಮೋಡ ಕಟ್ಟಿದೆ’ ಎನ್ನುವುದು ಸರಿಯಲ್ಲ, ಅದು ಮೋಡ ಮುಸುಕಿದ ದಿನ. ಮೇ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ಮೂಡಣದಲ್ಲಿ ರಾಶಿಯಾಗಿ ಏಳುವುದು ಕಟ್ಟಿದ ಮೋಡ. ಕತೆ ಬರೆಯುವವರು ಈ ಕ್ರಿಯಾಪದಗಳನ್ನು ಅದಲು ಬದಲು ಮಾಡಿದರೆ ಓದುವ ರೈತನಿಗೆ ಋತುವೇ ತಪ್ಪಿಹೋಗುತ್ತದೆ.

ಉತ್ತರ ಕರ್ನಾಟಕದ ಬಾಯಲ್ಲಿ ಇದೇ ಪದ ‘ಮ್ವಾಡ’. ತೋಟ ತ್ವಾಟ ಆದಂತೆ, ಗೋಡೆ ಗ್ವಾಡಿ ಆದಂತೆ, ಮೋಡ ಮ್ವಾಡ ಆಗುತ್ತದೆ. ‘ಮ್ವಾಡ ಆಗ್ಯಾದ’ ಎಂದು ಕಲಬುರಗಿ ಕಡೆಯ ತೊಗರಿ ಬೆಳೆಗಾರರು ಹೂ ಬಿಡುವ ಹೊತ್ತಿನಲ್ಲಿ ಹೇಳಿದರೆ ಅದು ಖುಷಿಯ ಮಾತಲ್ಲ. ತೊಗರಿ ಹೂವಾದಾಗ ಮೂರ್ನಾಲ್ಕು ದಿನ ಬಿಸಿಲಿಲ್ಲದೆ ಮೋಡ ಹಿಡಿದರೆ ಹೂ ಉದುರುತ್ತದೆ, ಕಾಯಿಕೊರಕ ಹುಳುವೂ ಏರುತ್ತದೆ. ಮಾವಿನ ಹೂವಿಗೂ ಅಷ್ಟೆ. ಮೋಡ ಮತ್ತು ತೇವ ಸೇರಿದರೆ ಜಿಗಿಹುಳು, ಬೂದಿರೋಗ. ಸಂಡಿಗೆ ಹಪ್ಪಳ ಹಾಕುವವರಿಗೆ, ಅಡಿಕೆ ಒಣಗಿಸುವವರಿಗೆ ಮೋಡ ಎಂದರೆ ಕೆಲಸ ಕೆಡುವುದು ಎಂದೇ ಅರ್ಥ. ಸಂಡಿಗೆ ಮೊದಲ ದಿನ ಮೇಲೊಂದು ಒಣಪದರ ಕಟ್ಟದಿದ್ದರೆ ಒಳಗೆ ಹುಳಿ ಬಂದು ವಾಸನೆ ಹೊಡೆಯುತ್ತದೆ, ಕರಿದಾಗ ಅರಳುವುದಿಲ್ಲ. ಈ ಯಾವ ಜಾಗದಲ್ಲೂ ‘ಮುಗಿಲು’ ಬರುವುದಿಲ್ಲ. ದುಡಿಮೆಗೆ ತಾಗುವ ಪದ ಮೋಡವೇ.

ಹೊಸಬರು ಆಗಾಗ ಕೇಳುವ ಇನ್ನೊಂದು ಪ್ರಶ್ನೆ: ಮೋಡಿಗೂ ಮೋಡಕ್ಕೂ ನಂಟಿದೆಯೇ? ಇಲ್ಲ. ಮೋಡಿ ಎಂದರೆ ಮಾಟ, ಮರುಳು. ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯೂ ಬೇರೆಯೇ.

ಮುಗಿಲು ಹಳೆಯ ಪದ. ಹಳಗನ್ನಡದಲ್ಲಿ ಅದು ‘ಮುಗಿಲ್’. ತಮಿಳು, ಮಲಯಾಳಂಗಳಲ್ಲೂ ಇದೇ ಮುಗಿಲ್ ಇದೆ, ತುಳುವಿನಲ್ಲಿ ಮುಗಲ್, ತೆಲಂಗಾಣದ ತೆಲುಗಿನಲ್ಲಿ ಮೊಗುಲು. ಅಂದರೆ ದ್ರಾವಿಡ ನುಡಿಗಳು ಹಂಚಿಕೊಂಡಿರುವ ಮೂಲ ಆಸ್ತಿ. ವಿಶೇಷವೆಂದರೆ, ಧಾರವಾಡ, ಬಾಗಲಕೋಟೆ, ವಿಜಯಪುರದ ಕಡೆ ಮುಗಿಲು ಎಂದರೆ ಮೋಡವಲ್ಲ, ಆಕಾಶ. ‘ಮುಗಲ ಹರಕೊಂಡು ಬಿದ್ದಂಗ ಮಳಿ ಬಂತು’ ಎನ್ನುವಲ್ಲಿ ಹರಿದದ್ದು ಆಕಾಶ. ಮೈಸೂರು ಕಡೆಯವರು ಅಲ್ಲಿನ ಹಾಡು ಕೇಳಿ ‘ಮುಗಿಲಾಗ ಚಿಕ್ಕಿ’ ಎಂಬುದನ್ನು ‘ಮೋಡದೊಳಗಿನ ನಕ್ಷತ್ರ’ ಎಂದು ಅರ್ಥ ಮಾಡಿಕೊಂಡರೆ ಚಿತ್ರವೇ ಕೆಡುತ್ತದೆ: ಮೋಡ ಇದ್ದ ರಾತ್ರಿ ಚಿಕ್ಕಿ ಕಾಣುವುದಾದರೂ ಹೇಗೆ? ಅದು ಆಕಾಶದ ಚುಕ್ಕಿ.

ಈ ಆಕಾಶದ ಅರ್ಥ ತೆಂಕಣ ಕನ್ನಡದಲ್ಲೂ ಪೂರ್ತಿ ಹೋಗಿಲ್ಲ. ಗಟ್ಟಿಯಾದ ನುಡಿಗಟ್ಟುಗಳಲ್ಲಿ ಉಳಿದುಕೊಂಡಿದೆ. ಮುಗಿಲು ಮುಟ್ಟುವುದು, ಮುಗಿಲೆತ್ತರ, ಮುಗಿಲಿಗೆ ಏಣಿ ಹಾಕುವುದು, ಎಲ್ಲವೂ ಎತ್ತರದ ಮಾತುಗಳು. ಕೂಗು, ಬೆಲೆ, ಗೋಪುರ, ಆಸೆ ಮೇಲೇರಿ ಮುಟ್ಟುವುದು ಮುಗಿಲನ್ನು. ಮೋಡ ಮೇಲಿನಿಂದ ಕೆಳಗೆ ಕವಿಯುತ್ತದೆ, ಮುಗಿಲನ್ನು ಕೆಳಗಿನಿಂದ ಮೇಲೆ ನೋಡುತ್ತೇವೆ. ಯಾವ ಪದ ಹಾಕಬೇಕೆಂಬ ಅನುಮಾನ ಬಂದಾಗ ಈ ಒಂದು ಸೂತ್ರ ಬಹಳ ಕಡೆ ಕೈ ಹಿಡಿಯುತ್ತದೆ.

ಬಣ್ಣ ಹೇಳಬೇಕಾದಾಗಲೂ ಮುಗಿಲು ಚೆನ್ನಾಗಿ ಬೆಸೆಯುತ್ತದೆ. ಕರಿದು ಮುಗಿಲು ಸೇರಿ ಕಾರ್ಮುಗಿಲು, ಬಿಳಿದು ಮುಗಿಲು ಸೇರಿ ಬೆಳ್ಮುಗಿಲು, ಸಂಜೆಯದು ಕೆಮ್ಮುಗಿಲು. ವ್ಯಾಕರಣದ ಪುಸ್ತಕಗಳಲ್ಲಿ ಕರ್ಮಧಾರಯ ಸಮಾಸಕ್ಕೆ ಕಾರ್ಮುಗಿಲು ಸಿದ್ಧ ಉದಾಹರಣೆ. ಆದರೆ ಅಲ್ಲಿ ‘ಕರಿದು’ ಎಂದು ಬಿಡಿಸಿ ಮುಂದೆ ಹೋಗಿಬಿಡುತ್ತಾರೆ. ‘ಕಾರ್’ ಎಂಬುದಕ್ಕೆ ಕಪ್ಪು ಎಂಬ ಅರ್ಥದ ಜೊತೆಗೆ ಮಳೆಗಾಲ ಎಂಬ ಅರ್ಥವೂ ಇದೆ. ಮುನ್ನಿನ ಕಾರು ಮುಂಗಾರು, ಹಿಂದಿನ ಕಾರು ಹಿಂಗಾರು, ಮಳೆಯ ಕಾಲ ಕಾರ್ಗಾಲ, ಉತ್ತರ ಕರ್ನಾಟಕದಲ್ಲಿ ಜ್ಯೇಷ್ಠದ ಹುಣ್ಣಿಮೆಗೆ ಎತ್ತುಗಳನ್ನು ಸಿಂಗರಿಸಿ ಕರಿ ಹರಿಯುವ ಹಬ್ಬ ಕಾರಹುಣ್ಣಿಮೆ. ಹೀಗಾಗಿ ಕಾರ್ಮುಗಿಲು, ಕಾರ್ಮೋಡ ಎಂದಾಗ ಕಪ್ಪು ಬಣ್ಣವೊಂದೇ ಅಲ್ಲ, ಬರಲಿರುವ ಮಳೆಯೂ ಪದದೊಳಗೇ ಇದೆ.

ಇದನ್ನು ತಿಳಿದ ಮೇಲೆ ‘ಯುದ್ಧದ ಕಾರ್ಮೋಡ’, ‘ಆತಂಕದ ಕಾರ್ಮೋಡ’ ಎಂಬ ಪತ್ರಿಕೆಯ ತಲೆಬರಹಗಳು ಕಣ್ಣಿಗೆ ಚುಚ್ಚತೊಡಗುತ್ತವೆ. ಬಿಸಿಲಿಗೆ ಹಂಬಲಿಸುವ ಚಳಿನಾಡಿನವರಿಗೆ ಕಪ್ಪು ಮೋಡ ಕೆಡುಕಿನ ಗುರುತು ಆಗಬಹುದು. ಚಿತ್ರದುರ್ಗದಲ್ಲೋ ರಾಯಚೂರಿನಲ್ಲೋ ಬಿತ್ತಿ ಕೂತವರಿಗೆ ಕಾರ್ಮೋಡಕ್ಕಿಂತ ಶುಭದ ನೋಟ ಇನ್ನೊಂದಿಲ್ಲ. ಈ ಬಳಕೆ ಈಗ ಬೇರೂರಿದೆ, ಕಿತ್ತು ಹಾಕುವುದು ಆಗದ ಮಾತು. ಆದರೂ ಬರೆಯುವ ಕೈಯಲ್ಲಿ ಆಯ್ಕೆ ಇದ್ದಾಗ ‘ಆತಂಕ ಕವಿದಿದೆ’ ಎಂದಷ್ಟೇ ಬರೆದರೆ ಸಾಕು, ಕಾರ್ಮೋಡಕ್ಕೆ ಅದರ ಮಾನ ಉಳಿಯುತ್ತದೆ.

ಇನ್ನು ಮೇಘ. ಇದು ಸಂಸ್ಕೃತದ್ದು, ‘ಮಿಹ್’ ಎಂಬ ಧಾತುವಿನಿಂದ ಬಂದದ್ದು. ಮಿಹ್ ಎಂದರೆ ಚಿಮುಕಿಸು, ಸುರಿಸು, ಮೂತ್ರ ವಿಸರ್ಜಿಸು. ಅದೇ ಧಾತುವಿನಿಂದಲೇ ಮೇಹ, ಪ್ರಮೇಹ, ಮಧುಮೇಹ ಎಂಬ ಪದಗಳೂ ಬಂದವು. ಸಕ್ಕರೆ ಕಾಯಿಲೆಯೂ ಮಳೆ ಮೋಡವೂ ಪದದ ಮಟ್ಟಿಗೆ ಒಡಹುಟ್ಟಿದವು. ಕನ್ನಡದಲ್ಲಿ ಮೇಘ ಒಂಟಿಯಾಗಿ ಓಡಾಡುವುದು ಕಡಿಮೆ, ಸಂಸ್ಕೃತ ಪದದ ಜೊತೆಯಲ್ಲಿ ಸಮಾಸವಾಗಿಯೇ ಬರುತ್ತದೆ: ಮೇಘಮಾಲೆ, ಮೇಘಗರ್ಜನೆ, ಮೇಘಶ್ಯಾಮ, ಇಂದ್ರಜಿತುವಿನ ಇನ್ನೊಂದು ಹೆಸರಾದ ಮೇಘನಾದ, 1972ರಲ್ಲಿ ರಾಜ್ಯವಾದ ಮೇಘಾಲಯ. ಹೀಗೆ ಬೆಸೆಯುವಾಗ ಕನ್ನಡದ ಪದ ಅಂಟಿಸಿದರೆ ಅರಿಸಮಾಸ ಎನ್ನುತ್ತಾರೆ. ‘ಮೇಘಸಾಲು’ ಎನ್ನುವ ಬದಲು ಮೇಘಮಾಲೆ ಅಥವಾ ಮುಗಿಲ ಸಾಲು ಎಂದರೆ ಎರಡೂ ಕಡೆ ಚೆಂದ. ಇನ್ನೊಂದು ಸಾಮಾನ್ಯ ತಪ್ಪು: ಆಗಸ್ಟ್ ನಡುವಿನಲ್ಲಿ ಬರುವ ‘ಮಘೆ ಮಳೆ’ಯನ್ನು ‘ಮೇಘ ಮಳೆ’ ಎಂದು ಬರೆಯುವುದು. ಮಘೆ ನಕ್ಷತ್ರದ ಹೆಸರು, ಮೇಘಕ್ಕೂ ಅದಕ್ಕೂ ಸಂಬಂಧವಿಲ್ಲ.

ಸಂಸ್ಕೃತದ ಹಳೆಯ ಪದಕೋಶವಾದ ಅಮರಕೋಶ ಮೋಡಕ್ಕೆ 15 ಹೆಸರು ಕೊಡುತ್ತದೆ: ಅಭ್ರ, ಮೇಘ, ವಾರಿವಾಹ, ಸ್ತನಯಿತ್ನು, ಬಲಾಹಕ, ಧಾರಾಧರ, ಜಲಧರ, ತಡಿತ್ವಾನ್, ವಾರಿದ, ಅಂಬುಭೃತ್, ಘನ, ಜೀಮೂತ, ಮುದಿರ, ಜಲಮುಕ್, ಧೂಮಯೋನಿ. ಬಾಯಿಪಾಠ ಮಾಡಿದವರಿಗೆ ಇದು ಬರೀ ಪಟ್ಟಿ. ನಿಧಾನವಾಗಿ ನೋಡಿದರೆ ಒಂದೊಂದೂ ಮೋಡದ ಒಂದೊಂದು ಗುಣ ಹಿಡಿದಿದೆ. ವಾರಿವಾಹ, ಜಲಧರ, ಅಂಬುಭೃತ್ ನೀರು ಹೊತ್ತಿರುವವು. ವಾರಿದ ನೀರು ಕೊಡುವುದು, ಜಲಮುಕ್ ಸುರಿದುಬಿಡುವುದು. ತಡಿತ್ವಾನ್ ಮಿಂಚುಳ್ಳದ್ದು, ಸ್ತನಯಿತ್ನು ಗುಡುಗುವುದು. ಶರತ್ಕಾಲದ ಬಿಳಿ ಅರಳೆಯಂಥ ಮೋಡಕ್ಕೆ ತಡಿತ್ವಾನ್ ಎಂದೋ ವಾರಿದ ಎಂದೋ ಹಾಕಿದರೆ ಪದ ಸುಳ್ಳಾಗುತ್ತದೆ, ಅಲ್ಲಿಗೆ ಅಭ್ರ ಸರಿ. ಛಂದಸ್ಸಿಗೆ ಮಾತ್ರೆ ಕೂರಿಸುವ ಅವಸರದಲ್ಲಿ ಇದು ಮರೆತುಹೋಗುವುದೇ ಹೆಚ್ಚು.

‘ನೀರು ಹೊತ್ತದ್ದು’ ಎಂಬ ಮಾತಿನ ತೂಕ ತಿಳಿಯಲು ಒಂದು ಲೆಕ್ಕ. ಸಾಧಾರಣ ರಾಶಿ ಮೋಡದಲ್ಲಿ ಒಂದು ಘನ ಮೀಟರಿಗೆ ಸುಮಾರು ಅರ್ಧ ಗ್ರಾಂ ನೀರಿನ ಹನಿಗಳಿರುತ್ತವೆ. ಉದ್ದ, ಅಗಲ, ಎತ್ತರ ಒಂದೊಂದು ಕಿಲೋಮೀಟರ್ ಇರುವ ಮೋಡ ಎಂದರೆ 100 ಕೋಟಿ ಘನ ಮೀಟರ್, ಅಂದರೆ 5 ಲಕ್ಷ ಕಿಲೋ ನೀರು. ಅಷ್ಟು ಭಾರ ಬೀಳದೆ ನಿಂತಿರುವುದು ಹನಿಗಳು ಅಷ್ಟು ಸಣ್ಣವಾದ್ದರಿಂದ. ಒಂದೊಂದು ಹನಿ ಮಿಲಿಮೀಟರಿನ 50ನೇ ಒಂದು ಭಾಗ, ಕೆಳಗಿನಿಂದ ಏಳುವ ಗಾಳಿಯೇ ಅದನ್ನು ಎತ್ತಿ ಹಿಡಿಯಲು ಸಾಕು. ಎರಡು ಮಿಲಿಮೀಟರಿನ ಒಂದು ಮಳೆಹನಿ ಆಗಬೇಕಾದರೆ ಅಂಥ ಸುಮಾರು 10 ಲಕ್ಷ ಹನಿಗಳು ಕೂಡಬೇಕು. ಧೂಮಯೋನಿ, ಅಂದರೆ ಹೊಗೆಯಿಂದ ಹುಟ್ಟಿದ್ದು, ಎಂಬ ಹೆಸರಿಗೂ ಇಲ್ಲಿ ಒಂದು ಕೊಂಡಿ ಸಿಗುತ್ತದೆ: ಆವಿ ಹನಿಯಾಗಲು ಧೂಳು, ಉಪ್ಪು, ಹೊಗೆಯ ಕಣಗಳ ಆಸರೆ ಬೇಕೇ ಬೇಕು. ಅದನ್ನು ಹಿಂದಿನವರ ವಿಜ್ಞಾನ ಎಂದು ಮೆರೆಸಬೇಕಿಲ್ಲ, ಹೊಗೆಯೂ ಮೋಡವೂ ಕಣ್ಣಿಗೆ ಒಂದೇ ಥರ ಕಾಣುತ್ತವೆ ಎಂಬುದೂ ಆ ಹೆಸರಿಗೆ ಸಾಕಷ್ಟು ಕಾರಣ.

ಕೆಲವು ಹೆಸರುಗಳು ಬೇರೆ ಕಡೆಗೂ ಹರಿದವು. ಅಭ್ರದಿಂದ ಅಭ್ರಕ, ನಮ್ಮ ಕಾಗೆಬಂಗಾರ. ಘನ ಎಂದರೆ ಗಟ್ಟಿ, ಒತ್ತು, ಹಾಗಾಗಿ ಘನವಸ್ತು, ಘನತೆ, ಘನವೆತ್ತ ಎಲ್ಲ ಒಂದೇ ಮನೆಯವು, ಘನಶ್ಯಾಮನಲ್ಲಿ ಮಾತ್ರ ಅದು ಮೋಡ. ಕೃಷ್ಣನ ರಥದ ನಾಲ್ಕು ಕುದುರೆಗಳು ಶೈಬ್ಯ, ಸುಗ್ರೀವ, ಮೇಘಪುಷ್ಪ, ಬಲಾಹಕ. ಬಲಾಹಕ ಎಂದರೆ ಮೋಡ, ಮೇಘಪುಷ್ಪ ಎಂದರೆ ನೀರು. ‘ದುರ್ದಿನ’ವನ್ನು ನಾವು ಕೆಟ್ಟ ದಿನ ಎಂದು ಬಳಸುತ್ತೇವೆ, ಅಮರಕೋಶದಲ್ಲಿ ಅದಕ್ಕೆ ಮೋಡ ಮುಚ್ಚಿದ ದಿನ ಎಂದೇ ಅರ್ಥ.

ಹಳೆಯ ಕಾವ್ಯ, ಯಕ್ಷಗಾನ ಪ್ರಸಂಗ, ಕೀರ್ತನೆ ಓದುವಾಗ ಎಡವುವುದು ಮುಖ್ಯವಾಗಿ ಒಂದೇ ಅಕ್ಷರದಲ್ಲಿ. ನೀರಿಗೆ ಇರುವ ಯಾವ ಹೆಸರನ್ನಾದರೂ ತೆಗೆದುಕೊಳ್ಳಿ: ಜಲ, ವಾರಿ, ಅಂಬು, ನೀರ, ತೋಯ, ಪಯಸ್. ಅದಕ್ಕೆ ‘ದ’ ಸೇರಿದರೆ ಕೊಡುವುದು, ಮೋಡ. ‘ಜ’ ಸೇರಿದರೆ ಹುಟ್ಟಿದ್ದು, ತಾವರೆ. ‘ಧಿ’ ಸೇರಿದರೆ ಇಟ್ಟುಕೊಂಡದ್ದು, ಕಡಲು. ವಾರಿದ, ವಾರಿಜ, ವಾರಿಧಿ. ಅಂಬುದ, ಅಂಬುಜ, ಅಂಬುಧಿ. ಜಲದ, ಜಲಜ, ಜಲಧಿ. ‘ಧರ’ ಸೇರಿದರೆ ಮತ್ತೆ ಮೋಡವೇ, ಪಯೋಧರ ಒಂದನ್ನು ಬಿಟ್ಟು: ಪಯಸ್ಸಿಗೆ ನೀರು, ಹಾಲು ಎರಡೂ ಅರ್ಥ ಇರುವುದರಿಂದ ಅದು ಮೋಡವೂ ಹೌದು, ಮೊಲೆಯೂ ಹೌದು, ಸಂದರ್ಭ ನೋಡಿಯೇ ಅರ್ಥ ಮಾಡಬೇಕು. ಜಲಜಾಕ್ಷಿ ತಾವರೆಗಣ್ಣಿನವಳು. ಅಚ್ಚಿನ ತಪ್ಪಿನಿಂದ ಜಲದಾಕ್ಷಿ ಆದರೆ ಮೋಡಗಣ್ಣಿನವಳು. ಮಗುವಿಗೆ ಹೆಸರಿಡುವಾಗ ನೀರಜ, ನೀರದ ಎರಡೂ ಒಂದೇ ಎಂದುಕೊಳ್ಳುವವರಿದ್ದಾರೆ, ಮೊದಲನೆಯದು ತಾವರೆ, ಎರಡನೆಯದು ಮೋಡ.

ಕನ್ನಡದಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ‘ಜಲದ’ ಎಂದರೆ ಮೋಡ, ‘ಜಲದ’ ಎಂದರೆ ‘ನೀರಿನ’ ಎಂದೂ ಆಗುತ್ತದೆ, ಏಕೆಂದರೆ ನಮ್ಮ ಷಷ್ಠಿಯೂ ‘ದ’ವೇ. ಬಿಡಿಸುವ ದಾರಿ ಸುಲಭ. ಪ್ರತ್ಯಯ ಎಣಿಸಿ. ‘ಜಲದಂತೆ’ ಎಂದರೆ ನೀರಿನಂತೆ, ‘ಜಲದದಂತೆ’ ಎಂದರೆ ಮೋಡದಂತೆ. ಎರಡು ದಕಾರ ಕಂಡರೆ ಅಚ್ಚಿನ ತಪ್ಪೆಂದು ಒಂದನ್ನು ಹೊಡೆದು ಹಾಕಬೇಡಿ, ಕರಡು ತಿದ್ದುವವರು ಅಲ್ಲೇ ಮೋಡವನ್ನು ನೀರು ಮಾಡಿಬಿಡುತ್ತಾರೆ.

ಅಕ್ಕಪಕ್ಕದ ಪದಗಳನ್ನೂ ಒಂದಿಷ್ಟು ಬೇರ್ಪಡಿಸಬೇಕು. ಮಬ್ಬು ತೆಲುಗಿನಲ್ಲಿ ಮೋಡವೇ, ಕನ್ನಡದಲ್ಲಿ ಮಂದ ಬೆಳಕು. ಗಡಿಭಾಗದ ಕೋಲಾರ, ಪಾವಗಡದವರ ಮಾತಿನಲ್ಲಿ ಎರಡೂ ಬೆರೆಯುವುದುಂಟು. ಮಂಜು ಮಲಯಾಳದಲ್ಲಿ ಹಿಮವೂ ಹೌದು, ಹಳೆಯ ತಮಿಳಿನಲ್ಲಿ ಮೋಡವೂ ಹೌದು. ನಮ್ಮಲ್ಲಿ ಅದು ನೆಲಕ್ಕೆ ತಾಗಿದ ಮೋಡ. ನಂದಿಬೆಟ್ಟ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರ. ಮಳೆಗಾಲದ ಬೆಳಗ್ಗೆ ಬೆಟ್ಟದ ತುದಿ ಮುಚ್ಚಿಹೋದಾಗ ಕೆಳಗಿನ ಊರಿನವರು ‘ಬೆಟ್ಟಕ್ಕೆ ಮೋಡ ಮುಸುಕಿದೆ’ ಎನ್ನುತ್ತಾರೆ, ಅದೇ ಹೊತ್ತಿಗೆ ಮೇಲೆ ನಿಂತವರು ‘ಎಂಥ ಮಂಜು’ ಎನ್ನುತ್ತಾರೆ. ಇಬ್ಬರೂ ಹೇಳುತ್ತಿರುವುದು ಒಂದೇ ವಸ್ತುವನ್ನು, ಇಬ್ಬರೂ ಸರಿ. ಹವಾಮಾನದವರ ಅಳತೆಯಲ್ಲಿ ಒಂದು ಕಿಲೋಮೀಟರಿಗಿಂತ ಆಚೆ ಕಾಣದಿದ್ದರೆ ಅದು ಮಂಜು, ಅದಕ್ಕಿಂತ ದೂರ ಕಂಡರೆ ತೆಳು ಮಂಜು. ಇಬ್ಬನಿ ಮಾತ್ರ ಈ ಗುಂಪಿಗೆ ಸೇರದು. ಅದು ಗಾಳಿಯಲ್ಲಿ ತೇಲುವುದಿಲ್ಲ, ತಣ್ಣಗಾದ ಹುಲ್ಲಿನ ಮೇಲೆಯೇ ಹುಟ್ಟುತ್ತದೆ. ‘ಇಬ್ಬನಿ ಮುಸುಕಿದ ರಸ್ತೆ’ ಎಂಬುದು ಆದ್ದರಿಂದಲೇ ತಪ್ಪು.

ಶಾಲೆಯ ಭೂಗೋಳದಲ್ಲಿ ಪದರ ಮೋಡ, ರಾಶಿ ಮೋಡ, ಹಿಮಕಣ ಮೋಡ, ರಾಶಿವೃಷ್ಟಿ ಮೋಡ ಎಂಬ ಹೆಸರುಗಳಿವೆ. 1802ರಲ್ಲಿ ಲಂಡನ್ನಿನ ಲ್ಯೂಕ್ ಹೋವರ್ಡ್ ಲ್ಯಾಟಿನ್ನಿನಲ್ಲಿ ಇಟ್ಟ ಹೆಸರುಗಳ ಜಾಡಿನಲ್ಲಿ ಬಂದವು ಇವು. ಒಳ್ಳೆಯ ಅನುವಾದ, ಹೆಸರು ಕೇಳಿದರೆ ಆಕಾರ ಕಾಣುತ್ತದೆ. ಎಲ್ಲದರಲ್ಲೂ ಮೋಡವನ್ನೇ ಉಳಿಸಿಕೊಂಡದ್ದು ಜಾಣತನ.

ಹವಾಮಾನ ವರದಿಯ ‘ಭಾಗಶಃ ಮೋಡ’ ಎಂಬುದಕ್ಕೂ ಲೆಕ್ಕವಿದೆ. ಆಕಾಶವನ್ನು ಎಂಟು ಪಾಲು ಮಾಡಿ ಎಷ್ಟು ಪಾಲು ಮುಚ್ಚಿದೆ ಎಂದು ನೋಡುತ್ತಾರೆ, ಒಂದೊಂದು ಪಾಲಿಗೆ ಆಕ್ಟಾ ಎಂದು ಹೆಸರು. ಮೂರು, ನಾಲ್ಕು ಪಾಲು ಮುಚ್ಚಿದ್ದರೆ ಭಾಗಶಃ, ಐದರಿಂದ ಏಳು ಪಾಲು ಆದರೆ ‘ಸಾಮಾನ್ಯವಾಗಿ ಮೋಡ’. ಇಲ್ಲಿನ ‘ಸಾಮಾನ್ಯವಾಗಿ’ ಎಂಬುದನ್ನು ‘ಎಂದಿನಂತೆ’ ಎಂದು ಓದಿಕೊಳ್ಳುವವರೇ ಹೆಚ್ಚು. ‘ಬಹುಪಾಲು ಮೋಡ’ ಎಂದಿದ್ದರೆ ಆ ಗೊಂದಲ ಇರುತ್ತಿರಲಿಲ್ಲ.

ಇದಕ್ಕಿಂತ ದೊಡ್ಡ ಗೊಂದಲ ಹುಟ್ಟಿಸಿದ್ದು ‘ಮೋಡ ಬಿತ್ತನೆ’. ಭತ್ತ ಬಿತ್ತನೆ ಎಂದರೆ ಭತ್ತವನ್ನು ಬಿತ್ತುವುದು, ರಾಗಿ ಬಿತ್ತನೆ ಎಂದರೆ ರಾಗಿಯನ್ನು ಬಿತ್ತುವುದು. ಅದೇ ಜಾಡಿನಲ್ಲಿ ಮೋಡ ಬಿತ್ತನೆ ಎಂದರೆ ಮೋಡವನ್ನೇ ಬಿತ್ತುವುದು ಎಂದು ಕಿವಿಗೆ ಕೇಳುತ್ತದೆ. ಕರ್ನಾಟಕದಲ್ಲಿ 2003ರಲ್ಲಿ ‘ವರುಣ’ ಯೋಜನೆ ನಡೆದಾಗಲೂ, 2017ರಲ್ಲಿ ಮತ್ತೆ ಮಾಡಿದಾಗಲೂ, ‘ಮೋಡ ಇಲ್ಲದಿದ್ದರೆ ಬಿತ್ತಬಹುದಲ್ಲ’ ಎಂಬ ನಿರೀಕ್ಷೆಗೆ ಈ ಪದವೂ ಇಂಬು ಕೊಟ್ಟಿತು. ನಿಜವಾಗಿ ಅಲ್ಲಿ ಮೋಡವೇ ಹೊಲ, ಬೀಜ ಬೇರೆ. ತಣ್ಣನೆಯ ಎತ್ತರದ ಮೋಡಕ್ಕೆ ಸಿಲ್ವರ್ ಅಯೋಡೈಡ್, ಕೆಳಗಿನ ಬೆಚ್ಚನೆಯ ಮೋಡಕ್ಕೆ ಸೋಡಿಯಂ ಕ್ಲೋರೈಡ್ ಅಥವಾ ಕ್ಯಾಲ್ಸಿಯಂ ಕ್ಲೋರೈಡಿನಂಥ ನೀರು ಹೀರುವ ಉಪ್ಪು. ನೀರು ತುಂಬಿದ ಮೋಡ ಮೊದಲೇ ಇರಬೇಕು. ಬರಿ ಆಕಾಶದಲ್ಲಿ ಎಷ್ಟು ಉಪ್ಪು ಸಿಡಿಸಿದರೂ ಹನಿ ಬೀಳದು. ‘ಮೋಡಕ್ಕೆ ಬಿತ್ತನೆ’ ಎಂದು ಒಂದು ವಿಭಕ್ತಿ ಸೇರಿಸಿದ್ದರೆ ಅರ್ಧ ವಿವರಣೆ ಪದದಲ್ಲೇ ಬರುತ್ತಿತ್ತು.

ಮೇಘಸ್ಫೋಟದ ಕತೆಯೂ ಇದೇ. ಮೋಡವೇನು ನೀರು ತುಂಬಿದ ಚೀಲವಲ್ಲ, ಒಡೆಯುವುದಿಲ್ಲ. 20ರಿಂದ 30 ಚದರ ಕಿಲೋಮೀಟರಿನಷ್ಟು ಸಣ್ಣ ಜಾಗದಲ್ಲಿ ಒಂದು ಗಂಟೆಯೊಳಗೆ 10 ಸೆಂಟಿಮೀಟರ್ ಅಥವಾ ಹೆಚ್ಚು ಮಳೆ ಸುರಿದರೆ ಹವಾಮಾನ ಇಲಾಖೆ ಆ ಹೆಸರು ಕೊಡುತ್ತದೆ. 20 ಚದರ ಕಿಲೋಮೀಟರಿಗೆ 10 ಸೆಂಟಿಮೀಟರ್ ಎಂದರೆ 200 ಕೋಟಿ ಲೀಟರ್ ನೀರು, ಅದೂ ಒಂದೇ ಗಂಟೆಯಲ್ಲಿ. ಇಡೀ ದಿನ ಸುರಿದು 20 ಸೆಂಟಿಮೀಟರ್ ಆದ ಆಗುಂಬೆಯ ಮಳೆ ಮೇಘಸ್ಫೋಟವಲ್ಲ, ಅದು ಅಲ್ಲಿನ ಮುಂಗಾರು. ಸುದ್ದಿ ಬರೆಯುವಾಗ ಗಂಟೆಯ ಲೆಕ್ಕ ಕೈಯಲ್ಲಿ ಇಲ್ಲದಿದ್ದರೆ ‘ಭಾರಿ ಮಳೆ’ ಎನ್ನುವುದೇ ಸರಿ.

ಕಂಪ್ಯೂಟರಿನ ಕ್ಲೌಡ್‌ಗೆ ಮೋಡ ಎನ್ನಬೇಕೇ ಮೇಘ ಎನ್ನಬೇಕೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಕೇಂದ್ರ ಸರ್ಕಾರ ತನ್ನ ಕ್ಲೌಡ್ ವ್ಯವಸ್ಥೆಗೆ ಮೇಘರಾಜ್ ಎಂದು ಹೆಸರಿಟ್ಟಿದೆ, ಹೆಸರಾಗಿ ಅದು ಚೆಂದ. ಆದರೆ ಫೋನಿನ ಪರದೆಯಲ್ಲಿ ‘ಮೋಡದಲ್ಲಿ ಉಳಿಸಿ’ ಎಂದು ಬರೆದರೆ ಓದುವವರಿಗೆ ಏನು ಮಾಡಬೇಕೆಂದೇ ತಿಳಿಯುವುದಿಲ್ಲ. ಎಂಜಿನಿಯರುಗಳು ನಕ್ಷೆ ಬರೆಯುವಾಗ ಆಚೆಗಿನ ಜಾಲವನ್ನು ಮೋಡದ ಚಿತ್ರವಾಗಿ ಬಿಡಿಸುತ್ತಿದ್ದುದರಿಂದ ಬಂದ ಹೆಸರು ಅದು, ನಮ್ಮ ಮೋಡದ ಯಾವ ಗುಣವೂ ಅದಕ್ಕಿಲ್ಲ. ಬಸ್ಸು, ಫೋನು ಎಂದಂತೆ ಕ್ಲೌಡ್ ಎಂದೇ ಬರೆದು, ‘ಕ್ಲೌಡ್‌ನಲ್ಲಿ ಉಳಿಸಿ’ ಎಂದರೆ ಎಲ್ಲರಿಗೂ ಗೊತ್ತಾಗುತ್ತದೆ.